ನಾಲ್ಕು ಕೋಲು, ಒಂದೇ ದೋಣಿ: ಸೀಸದ ದಾರಕ್ಕೆ ಗಾಳದ ಕೋಲು ಆರಿಸಿ, ಕಟ್ಟಿದ ಬಗೆ

ಓಡುವ ದೋಣಿಯ ಹಿಂದೆ ಒಂದೇ ಗಾಳ ಎಳೆಯುವುದಾದರೆ ಗಟ್ಟಿಮುಟ್ಟಾದ ಯಾವ ಕೋಲಾದರೂ ಸಾಕು. ನಾಲ್ಕು ಗಾಳ ಒಟ್ಟಿಗೆ, ಅದೂ ಸೀಸದ ಭಾರ ಹಾಕಿ ಎಳೆಯುವುದಾದರೆ ಮಾತು ಬೇರೆ. ಯಾವ ಕೋಲು ದೋಣಿಯ ಯಾವ ಜಾಗದಲ್ಲಿ ಕೂರುತ್ತದೆ, ಅಲ್ಲಿ ಕೂತು ಎಷ್ಟು ತೂಕ ಎಳೆಯುತ್ತದೆ ಎಂಬ ಎರಡು ಸಂಗತಿ ಗೊತ್ತಾದ ಮೇಲೆಯೇ ಉದ್ದ, ಬಾಗು, ಗೈಡುಗಳ (ಕೋಲಿನ ಮೇಲೆ ದಾರ ಹಾಯುವ ಬಳೆಗಳ) ಮಾತು. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಝಾಡಿಸಿ ನೋಡಿ ಕೊಳ್ಳುವ ಪದ್ಧತಿ ಎಸೆದು ಹಿಡಿಯುವ ಗಾಳಕ್ಕೆ ಸರಿ. ಈ ಕೆಲಸದಲ್ಲಿ ಕೋಲು ಕೈಯಲ್ಲಿ ಇರುವುದೇ ಕಡಿಮೆ, ದಿನವೆಲ್ಲ ದೋಣಿಗೆ ಬಿಗಿದ ಕೊಳವೆಯಲ್ಲಿ ಕೂತು ಬಾಗಿಯೇ ಇರುತ್ತದೆ.

ನಾನಿರುವುದು ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ. ದೋಣಿ ಇರುವುದು ಕಾರವಾರದ ಬೈತಖೋಲದಲ್ಲಿ, ಗೆಳೆಯನದು. 28 ಅಡಿ ಉದ್ದ, ಸುಮಾರು 2 ಮೀಟರ್ ಅಗಲದ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ದೋಣಿ ದಡದಲ್ಲಿ, ಕೋಲು ಕಟ್ಟುವ ಕೆಲಸ ಹುಬ್ಬಳ್ಳಿಯಲ್ಲಿ. ಇಲ್ಲಿ ಟ್ರೋಲಿಂಗ್ ಅಂದರೆ ನಿಧಾನ ಓಡುವ ದೋಣಿಯ ಹಿಂದೆ ನಕಲಿ ಮೀನನ್ನೋ ಸತ್ತ ಮೀನಿನ ಎರೆಯನ್ನೋ ಎಳೆಯುವುದು. ಟ್ರಾಲ್ ಬಲೆಗೂ ಇದಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದದ್ದು ಇಸ್ವಾಣ, ಮಂಗಳೂರಿನ ಕಡೆ ಅಂಜಲ್ ಅನ್ನುವ ಮೀನು. ಸಿಕ್ಕರೆ ಬ್ಯಾರಕೂಡಾನೂ ಬೇಡ ಅನ್ನುವುದಿಲ್ಲ.

ಮೊದಲು ಎಳೆತ ಅಳೆಯುವುದು

ದೋಣಿ ದಡ ಸೇರುವ ಮೊದಲೇ, ಮೇ ತಿಂಗಳಲ್ಲಿ, ಈ ಕೆಲಸ ಮುಗಿಸಿಕೊಂಡೆವು. ಬಸ್ಸಿನ ಸಾಮಾನು ತೂಗಲು ಇಟ್ಟುಕೊಳ್ಳುವ ಕೈಕಾಂಟಾ ಇರುತ್ತದಲ್ಲ, ಡಿಜಿಟಲ್‌ದು, ಅದನ್ನು ದೋಣಿಯ ಹಿಂಬದಿಯ ಕೊಂಡಿಗೆ ಕಟ್ಟಿದೆವು. ಅದರ ಕೊಕ್ಕೆಗೆ ನೇರವಾಗಿ ಗಾಳದ ದಾರ. ಫೋನಿನ ಜಿಪಿಎಸ್ ನೋಡಿಕೊಂಡು ದೋಣಿಯನ್ನು 3 ನಾಟ್ ವೇಗದಲ್ಲಿ ಹಿಡಿದು, ಒಂದೊಂದೇ ಜೋಡಣೆಯನ್ನು ಬಿಟ್ಟು ತೂಕ ಬರೆದುಕೊಂಡೆವು.

ಅಲೆಗೆ ತಕ್ಕಂತೆ ಅಂಕಿ ಕುಣಿಯುತ್ತದೆ. ನಡುವಿನದನ್ನು ಹಿಡಿದರೆ, 500 ಗ್ರಾಂ ಸೀಸದ ಗುಂಡು, ಅದರ ಹಿಂದೆ ಈಜುವ ನಕಲಿ ಮೀನು ಇರುವ ಜೋಡಣೆ 900 ಗ್ರಾಂ ಎಳೆಯಿತು. ಅಲೆ ಎತ್ತಿದಾಗ 1.2 ಕಿಲೋ ತನಕ ಹೋಗುತ್ತಿತ್ತು. ಸೀಸದ ತಿರುಳಿನ ದಾರ ಐದು ಬಣ್ಣ (ಒಂದು ಬಣ್ಣ ಅಂದರೆ 10 ಗಜ) ಬಿಟ್ಟಾಗ 600 ಗ್ರಾಂ, ಮೂರು ಬಣ್ಣಕ್ಕೆ 450 ಗ್ರಾಂ. ನೀರನ್ನು ಒತ್ತಿ ಕೆಳಗೆ ಇಳಿಯುವ ದುಂಡು ತಟ್ಟೆಯ ಡೈವರ್ ಹಾಕಿ ನೋಡಿದಾಗ ಕಾಂಟಾ 2.5 ಕಿಲೋ ದಾಟಿತು. ಡೈವರಿಗೆ ಬೇಕಾದ ಬಿಗಿ ಕೋಲೇ ಬೇರೆ ಜಾತಿ. ಆ ಒಂದು ಸಾಧನಕ್ಕಾಗಿ ಉಳಿದ ಕೋಲುಗಳ ಲೆಕ್ಕ ಕೆಡಿಸುವುದು ಬೇಡವೆಂದು ಅದನ್ನು ಪಟ್ಟಿಯಿಂದ ತೆಗೆದೆವು.

ಕೋಲು ಕೊಳ್ಳುವ ಮೊದಲು ಈ ಅಳತೆ ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೋಲಿನ ಮೇಲೆ ಅಚ್ಚಾಗಿರುವ 15–30 ಪೌಂಡ್ ಅನ್ನುವುದು ಯಾವ ದಾರ ಹಾಕಬಹುದು ಎಂಬುದಕ್ಕೆ. ಇಡೀ ದಿನ ಒಂದು ಕಿಲೋ ಎಳೆಯುತ್ತ ಕೂತರೆ ಕೋಲು ಹೇಗಿರುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಸೀಸದ ದಾರದ ಗುಣ

ಸೀಸದ ತಿರುಳಿನ ದಾರ ಅಂದರೆ ನಡುವೆ ತೆಳುವಾದ ಸೀಸದ ತಂತಿ, ಸುತ್ತ ಹೆಣೆದ ನೂಲಿನ ಕವಚ. ಪ್ರತಿ 10 ಗಜಕ್ಕೆ ಕವಚದ ಬಣ್ಣ ಬದಲಾಗುತ್ತದೆ. ಹತ್ತು ಬಣ್ಣ ಅಂದರೆ 100 ಗಜ, ನಮ್ಮ ಲೆಕ್ಕದಲ್ಲಿ 91 ಮೀಟರ್. ಎಷ್ಟು ಬಿಟ್ಟಿದ್ದೇವೆ ಎಂಬುದನ್ನು ಬಣ್ಣ ಎಣಿಸಿಯೇ ಹೇಳಬಹುದು. ಗಂಟೆಗೆ 2 ಮೈಲಿ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಆಳ ಎಂಬುದು ಬಳಸುವವರೆಲ್ಲ ಇಟ್ಟುಕೊಂಡಿರುವ ಅಂದಾಜು. ವೇಗ ಹೆಚ್ಚಿದರೆ ದಾರ ಮೇಲೇಳುತ್ತದೆ, ಇಳಿದರೆ ಮುಳುಗುತ್ತದೆ. 3 ನಾಟ್ ಅಂದರೆ ಗಂಟೆಗೆ ಸುಮಾರು ಮೂರೂವರೆ ಮೈಲಿ. ಹಾಗಾಗಿ ನಮ್ಮ ಐದು ಬಣ್ಣ 25 ಅಡಿ ಮುಟ್ಟುವುದಿಲ್ಲ, ಅದಕ್ಕಿಂತ ಮೇಲೆಯೇ ಓಡುತ್ತದೆ.

ಇದು ಬೆಳೆದದ್ದು ಉತ್ತರ ಅಮೆರಿಕದ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ. 1966ರಲ್ಲಿ ಮಿಷಿಗನ್ ಸರೋವರಕ್ಕೆ ಸೇರುವ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಬಿಟ್ಟರು. ಮೀನು ಬೆಳೆದ ಮೇಲೆ ಒಂದೇ ದೋಣಿಯಿಂದ ಹತ್ತಾರು ಗಾಳ ಬೇರೆಬೇರೆ ಆಳದಲ್ಲಿ ಎಳೆಯುವ ಪದ್ಧತಿ ಅಲ್ಲಿ ಬೇರೂರಿತು. ಅವರ ಕೋಲುಗಳ ಉದ್ದಗಳನ್ನು ಹಾಗೆಯೇ ತಂದು ನಮ್ಮ ಕಿರಿದಾದ ದೋಣಿಯ ಮೇಲೆ ಕೂರಿಸಲಾಗುವುದಿಲ್ಲ. ಒಳಗಿನ ಗಾಳ ಆಳಕ್ಕೆ, ದೋಣಿಗೆ ಹತ್ತಿರ. ಹೊರಗಿನದು ಮೇಲೆ, ದೂರಕ್ಕೆ ಎಂಬ ಅವರ ಕ್ರಮ ಮಾತ್ರ ಎಲ್ಲ ನೀರಿಗೂ ಒಪ್ಪುತ್ತದೆ.

ಯಾವ ಜಾಗಕ್ಕೆ ಯಾವ ಕೋಲು

ಹಿಂಬದಿಯ ಎರಡು ಮೂಲೆಗೆ 7 ಅಡಿಯ ಕೋಲು. ಸೀಸದ ಗುಂಡಿನ ಜೋಡಣೆ ಇವಕ್ಕೆ. ದಾರ 20 ಮೀಟರಿನಷ್ಟೇ ಹಿಂದಕ್ಕೆ, ಆದರೆ ಆಳಕ್ಕೆ ಇಳಿಯುತ್ತದೆ. ಇಲ್ಲಿ ಉದ್ದದ ಕೋಲಿಟ್ಟರೆ ಎಂಜಿನ್ ಹಿಡಿದವನ ತಲೆಯ ಮೇಲೆಯೇ ಅದರ ಓಡಾಟ, ಮೀನು ಎತ್ತುವಾಗ ತುದಿ ದೋಣಿಯಿಂದ ಬಲು ದೂರ.

ದೋಣಿಯ ನಡುಭಾಗದ ಎರಡೂ ಅಂಚಿಗೆ 10 ಅಡಿಯ ಕೋಲು. ನೀರಿಗೆ ಹೆಚ್ಚೂಕಡಿಮೆ ಸಮಾನಾಂತರವಾಗಿ, ದೋಣಿಗೆ ಅಡ್ಡಲಾಗಿ ಚಾಚಿರಬೇಕು. ಸೀಸದ ದಾರ ಇವಕ್ಕೆ: ಒಂದಕ್ಕೆ ಐದು ಬಣ್ಣ, ಇನ್ನೊಂದಕ್ಕೆ ಮೂರು. 10 ಅಡಿಯಲ್ಲಿ ಹಿಡಿಕೆ, ಕೊಳವೆ ಬಿಟ್ಟು ಹೊರಗೆ ಚಾಚುವುದು ಸುಮಾರು ಎರಡೂವರೆ ಮೀಟರ್. ಎಡಕ್ಕೆ ಎರಡೂವರೆ, ಬಲಕ್ಕೆ ಎರಡೂವರೆ, ನಡುವೆ ದೋಣಿಯ 2 ಮೀಟರ್. ಎರಡು ತುದಿಗಳ ನಡುವೆ 7 ಮೀಟರ್ ಸಿಕ್ಕಂತಾಯಿತು. ಮೂಲೆಯ ಸಣ್ಣ ಕೋಲುಗಳ ತುದಿಗೂ ಹೊರಗಿನ ತುದಿಗೂ ಎರಡು ಮೀಟರ್ ಅಂತರ ಉಳಿಯುತ್ತದೆ. ನಾಲ್ಕೂ 7 ಅಡಿಯವೇ ಆಗಿದ್ದರೆ ಈ ಅಂತರ ಒಂದು ಮೀಟರಿಗೆ ಇಳಿಯುತ್ತಿತ್ತು. ದೋಣಿ ಸ್ವಲ್ಪ ತಿರುಗಿದರೂ ದಾರಗಳು ಒಂದಕ್ಕೊಂದು ಹೆಣೆದುಕೊಳ್ಳಲು ಅಷ್ಟು ಸಾಕು.

ಇನ್ನು ಬಾಗು. ಸೀಸದ ದಾರ ಜಗ್ಗುವುದಿಲ್ಲ, ಅದರ ಹಿಂದೆ ಸುತ್ತಿದ ಹೆಣೆದ ದಾರವೂ ಜಗ್ಗುವುದಿಲ್ಲ. ನೈಲಾನ್ ತಂಗೂಸಿಯಲ್ಲಿರುವ ಆ ಸಣ್ಣ ಜಗ್ಗುವ ಗುಣ ಇಲ್ಲಿಲ್ಲ. ಓಡುವ ದೋಣಿಗೆ ಇಸ್ವಾಣ ಎದುರಿನಿಂದಲೋ ಅಡ್ಡದಿಂದಲೋ ಬಡಿದಾಗ ಆ ಹೊಡೆತ ತಿನ್ನಬೇಕಾದದ್ದು ಕೋಲೇ. ತುದಿ ಮಾತ್ರ ಬಾಗಿ ನಡು ಸೆಟೆದು ನಿಲ್ಲುವ ಕೋಲಾದರೆ ಕೊಕ್ಕೆ ಮೀನಿನ ಬಾಯಿ ಹರಿದುಕೊಂಡು ಬರುತ್ತದೆ. ತುದಿಯಿಂದ ಹಿಡಿಕೆಯ ಹತ್ತಿರದವರೆಗೆ ಹಂತಹಂತವಾಗಿ ಬಾಗುವ ಕೋಲು ಬೇಕು.

ಅದಕ್ಕೇ ಮೂಲೆಯವಕ್ಕೆ ಪೂರ್ತಿ ಗಾಜಿನ ನಾರಿನ ಕೋಲು, ಉದ್ದದವಕ್ಕೆ ಗಾಜು ಮತ್ತು ಕಾರ್ಬನ್ ಬೆರೆತದ್ದು ಆರಿಸಿದೆ. 10 ಅಡಿಗೆ ಬರೀ ಗಾಜು ಹಾಕಿದರೆ ಕೋಲಿನ ಸ್ವಂತ ತೂಕಕ್ಕೇ ತುದಿ ಜೋತುಬೀಳುತ್ತದೆ. ಬರೀ ಕಾರ್ಬನ್ ಹಗುರ ನಿಜ, ಆದರೆ ಕೊಳವೆಯ ಬಾಯಿಗೆ ದಿನವೂ ತಾಗಿ ಗೀರು ಬಿದ್ದರೆ ಒಂದು ದಿನ ಆ ಗೀರಿನಲ್ಲೇ ಪಟ್ಟನೆ ಮುರಿಯುತ್ತದೆ. ದೋಣಿಯ ಒರಟು ಬಾಳಿಗೆ ಗಾಜಿನ ನಾರು ಹೆಚ್ಚು ತಡೆದುಕೊಳ್ಳುತ್ತದೆ.

ನಾಲ್ಕೂ ಎರಡು ತುಂಡಿನವು. ಕಲಘಟಗಿ, ಯಲ್ಲಾಪುರ ದಾಟಿ ಅರೇಬೈಲ್ ಘಟ್ಟ ಇಳಿದು ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವ ನನ್ನಂಥವನಿಗೆ 10 ಅಡಿಯ ಇಡೀ ಕೋಲು ಆಗದ ಮಾತು. ಐದೈದು ಅಡಿಯ ತುಂಡುಗಳು ಪಿವಿಸಿ ಪೈಪಿನೊಳಗೆ ಸೇರಿ ಸೀಟಿನ ಪಕ್ಕ ನಿಲ್ಲುತ್ತವೆ. ಜೋಡಣೆಯ ಬಾಯಿ ಮಾತ್ರ ಸೀಳದಂತೆ ದಾರ ಬಿಗಿದು ಸುತ್ತಿ ಗಟ್ಟಿ ಮಾಡಬೇಕು.

ಮೇಜಿನ ಮೇಲಿನ ಪರೀಕ್ಷೆ

ಬರೀ ಕೋಲುಗಳು ಪಾರ್ಸಲ್ಲಿನಲ್ಲಿ ಬಂದವು. ಗೈಡ್ ಕಟ್ಟುವ ಮೊದಲು ಪ್ರತಿಯೊಂದನ್ನೂ ಮೇಜಿನ ಅಂಚಿಗೆ ಹಿಡಿಕೆಯ ಭಾಗದಲ್ಲಿ ಕ್ಲ್ಯಾಂಪ್ ಹಾಕಿ, ನೆಲಕ್ಕೆ ಸಮವಾಗಿ ಚಾಚಿ, ತುದಿಗೆ ಚೀಲ ಕಟ್ಟಿ, ಕಿರಾಣಿ ಅಂಗಡಿಯಿಂದ ಕೇಳಿ ತಂದ ತೂಕದ ಕಲ್ಲು ಒಂದೊಂದೇ ಹಾಕುತ್ತ ಹೋದೆ. ತುದಿ ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗಿಳಿದಾಗ ಚೀಲದಲ್ಲಿದ್ದ ತೂಕ ಎಷ್ಟು, ಅದೇ ಆ ಕೋಲಿನ ಬಲ. 7 ಅಡಿಗೆ ಆ ಇಳಿತ 71 ಸೆಂಟಿಮೀಟರ್, 10 ಅಡಿಗೆ ಸುಮಾರು 102.

7 ಅಡಿಯ ಗಾಜಿನ ಕೋಲಿಗೆ 1.2 ಕಿಲೋ ಬೇಕಾಯಿತು. 10 ಅಡಿಯ ಬೆರಕೆ ಕೋಲಿಗೆ 850 ಗ್ರಾಂ. ಹೋಲಿಸಿ ನೋಡಲು ಮನೆಯಲ್ಲಿದ್ದ ಎಸೆಯುವ ಕಾರ್ಬನ್ ಕೋಲನ್ನೂ ಕಟ್ಟಿದೆ. ಅದು 700 ಗ್ರಾಮಿಗೇ ಅಷ್ಟು ಇಳಿಯಿತು, ಬಾಗಿದ್ದು ಮೇಲ್ಭಾಗ ಮಾತ್ರ. ಕೆಳಭಾಗ ಕಂಬದಂತೆ ನಿಂತಿತ್ತು.

ದೋಣಿಯಲ್ಲಿ ಬರೆದುಕೊಂಡ ಎಳೆತ ಈ ಬಲಕ್ಕಿಂತ ಕಾಲು ಭಾಗವಾದರೂ ಕಡಿಮೆ ಇರಬೇಕು ಎಂದು ನಾನು ಇಟ್ಟುಕೊಂಡೆ. 900 ಗ್ರಾಮಿಗೆ 1.2 ಕಿಲೋ ಸರಿಯಾಗಿ ಕೂರುತ್ತದೆ, 600ಕ್ಕೆ 850 ಸಾಕು. ಹೀಗಿದ್ದರೆ ಎಳೆಯುವಾಗ ಕೋಲು ಅರೆಬಾಗಿ ಇರುತ್ತದೆ, ಮೀನು ಬಡಿದಾಗ ಇನ್ನೂ ಬಾಗಲು ಜಾಗ ಉಳಿದಿರುತ್ತದೆ. ತೀರ ಬಲವಾದ ಕೋಲೂ ಬೇಡ. ಎಳೆತದ ಎರಡರಷ್ಟು ಬಲ ಇದ್ದರೆ ತುದಿ ಅಲುಗುವುದೇ ಇಲ್ಲ, ನಕಲಿ ಮೀನು ಈಜುತ್ತಿದೆಯೋ ಕಸ ಕಚ್ಚಿಕೊಂಡು ಸುಮ್ಮನೆ ಬರುತ್ತಿದೆಯೋ ತಿಳಿಯುವುದಿಲ್ಲ.

ಗೈಡ್ ಕೂರಿಸಿದ್ದು

ಬರೀ ಕೋಲನ್ನು ಬುಡ ನೆಲಕ್ಕೂರಿ, ತುದಿಯನ್ನು ಅಂಗೈಯಿಂದ ಒತ್ತಿ ಬಾಗಿಸಿ, ಬೆರಳಿಂದ ಉರುಳಿಸಿದರೆ ಒಂದು ಕಡೆ ತಾನಾಗಿ ಜಿಗಿದು ನಿಲ್ಲುತ್ತದೆ. ಅದು ಕೋಲಿನ ಬೆನ್ನುಮೂಳೆಯ ಗುರುತು. ಅಲ್ಲೊಂದು ಚುಕ್ಕಿ ಇಟ್ಟು ಗೈಡುಗಳನ್ನು ಆ ಗೆರೆಯ ಮೇಲೇ ಹಿಡಿದೆ. ದಾರ ಸುತ್ತುವ ರೀಲ್ ಕೋಲಿನ ಮೇಲ್ಗಡೆ ಕೂರುವ ಜಾತಿಯದು, ಹಾಗಾಗಿ ಗೈಡುಗಳೂ ಮೇಲ್ಗಡೆ. ಕೋಲು ಬಾಗಿದಾಗ ದಾರ ಎರಡು ಗೈಡುಗಳ ನಡುವೆ ಕೋಲಿಗೇ ತಾಗುವ ಅಪಾಯ ಇರುವುದು ಇಲ್ಲೇ. ಸೀಸದ ದಾರದ ಒರಟು ಕವಚ ಉಪ್ಪಿನ ಹರಳು ಹಿಡಿದುಕೊಂಡು ಉಜ್ಜಿದರೆ ಬಣ್ಣ ಮೊದಲು ಹೋಗುತ್ತದೆ, ಆಮೇಲೆ ನಾರು.

ಪ್ರತಿ ಗೈಡನ್ನೂ ಮೊದಲು ಕಾಗದದ ಟೇಪಿನಲ್ಲಿ ಅಂಟಿಸಿ, ದಾರ ಪೋಣಿಸಿ, ತುದಿಗೆ ಒಂದು ಕಿಲೋ ಕಟ್ಟಿ ಪಕ್ಕದಿಂದ ನೋಡಿದೆ. ತಾಗುವ ಕಡೆ ಗೈಡನ್ನು ಒಂದೆರಡು ಬೆರಳಷ್ಟು ಸರಿಸಿ ಮತ್ತೆ ಬಾಗಿಸಿದೆ. 7 ಅಡಿಗೆ ತುದಿ ಬಿಟ್ಟು ಎಂಟು ಗೈಡುಗಳಲ್ಲಿ ಸರಿಹೋಯಿತು, 10 ಅಡಿಗೆ ಹನ್ನೊಂದು. ತುದಿಯದನ್ನು ಎಲ್ಲದಕ್ಕೂ ದೊಡ್ಡ ರಂಧ್ರದ್ದೇ ಹಾಕಿದೆ, ಯಾಕೆಂದರೆ ಸೀಸದ ದಾರಕ್ಕೂ ಹಿಂದಿನ ದಾರಕ್ಕೂ ನಡುವಿನ ಗಂಟು ಅದರಲ್ಲಿ ಸಲೀಸಾಗಿ ಹಾಯಬೇಕು. ಒಳಬಳೆ ಗಟ್ಟಿ ಸೆರಾಮಿಕ್ ಆಗಿದ್ದರೆ ಸಾಕು. ಸ್ಟೀಲ್ ತಂತಿ ಎಳೆಯುವವರಿಗೆ ಉರುಳೆಯ ತುದಿ ಬೇಕಾಗುತ್ತದೆ, ನಮಗದು ಬೇಡ.

ಗೈಡಿನ ಪಾದದ ಅಂಚು ಕಾರ್ಖಾನೆಯಿಂದ ದಪ್ಪಗೇ ಬಂದಿರುತ್ತದೆ. ಸಣ್ಣ ಅರದಿಂದ ಅದನ್ನು ಚಾಕುವಿನ ಅಲಗಿನಷ್ಟು ತೆಳುವಾಗಿ ಇಳಿಜಾರು ಮಾಡಬೇಕು, ಅಡಿಯ ಚೂಪನ್ನೂ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಸುತ್ತುವ ದಾರ ಕೋಲಿನಿಂದ ಪಾದ ಹತ್ತುವ ಜಾಗದಲ್ಲಿ ಸಂದು ಬಿಡುತ್ತದೆ, ಬಾಗಿದಾಗ ಆ ಚೂಪು ಕೋಲಿಗೇ ಇರಿಯುತ್ತದೆ. ಇದು ಬೇಸರದ ಕೆಲಸ, ಆದರೂ ಒಂದೊಂದು ಪಾದಕ್ಕೂ ಮಾಡಲೇಬೇಕು.

ದಾರ ಸುತ್ತುವಾಗ ವೈನಿ ಬಂದು ನಿಂತರು. ಅವರ ತವರು ಬೆಟಗೇರಿ, ಮನೆಯಲ್ಲಿ ಮಗ್ಗ ನೋಡಿ ಬೆಳೆದವರು. "ಕೈಲೆ ಜಗ್ಗಬ್ಯಾಡ್ರಿ. ಒಮ್ಮೆ ಬಿಗಿ ಒಮ್ಮೆ ಸಡ್ಲ ಆತಂದ್ರ ಅಲ್ಲೇ ಎದ್ದು ಕಾಣತೈತಿ. ದಾರಾನ ಒಂದ ಸಮ ಬಿಗಿ ಇರೂಹಂಗ ಮಾಡ್ಕೋರಿ," ಎಂದು ಹೇಳಿ, ಒಂದು ದಪ್ಪ ಪುಸ್ತಕದ ಹಾಳೆಗಳ ನಡುವೆ ದಾರ ಹಾಯಿಸಿ ಮೇಲೆ ತೂಕದ ಕಲ್ಲು ಇಟ್ಟುಕೊಟ್ಟರು. ಆಮೇಲೆ ನನ್ನ ಕೆಲಸ ಕೋಲು ತಿರುಗಿಸುವುದಷ್ಟೇ. ಸುತ್ತುಗಳು ಒಂದರ ಪಕ್ಕ ಒಂದು ಸಂದಿಲ್ಲದೆ ಕೂತವು. ಕೊನೆಯ ಆರೇಳು ಸುತ್ತಿನ ಅಡಿಯಲ್ಲಿ ಬೇರೆ ದಾರದ ಕುಣಿಕೆ ಇಟ್ಟುಕೊಂಡು, ಕೊನೆಯ ಎಳೆಯನ್ನು ಅದರೊಳಗೆ ತೂರಿಸಿ ಜಗ್ಗಿದರೆ ತುದಿ ಸುತ್ತುಗಳ ಅಡಿಯಲ್ಲೇ ಅಡಗುತ್ತದೆ.

ಎಪಾಕ್ಸಿ ಬಳಿದ ಮೇಲೆ ಕೋಲು ನಿಧಾನ ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಅಂಟೆಲ್ಲ ಒಂದೇ ಕಡೆ ಜೋತು ಗಟ್ಟಿಯಾಗುತ್ತದೆ. ಗುಜರಿ ಅಂಗಡಿಯಲ್ಲಿ ಹಳೆಯ ಮೈಕ್ರೋವೇವಿನ ತಟ್ಟೆ ತಿರುಗಿಸುವ ಮೋಟರ್ ಸಿಗುತ್ತದೆ, ನಿಮಿಷಕ್ಕೆ ಐದಾರು ಸುತ್ತು. ಬಿಚ್ಚಿಟ್ಟಿದ್ದನ್ನೇ ಕೊಳ್ಳಿ, ನೀವೇ ಮೈಕ್ರೋವೇವ್ ಬಿಚ್ಚಲು ಹೋಗಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಮೋಟರಿನ ಮೇಲೆ 220 ವೋಲ್ಟ್ ಎಂದು ಬರೆದಿದೆಯೇ ಎಂದೂ ನೋಡಿಕೊಳ್ಳಿ, ಕೆಲವು ಕಡಿಮೆ ವೋಲ್ಟಿನವೂ ಇರುತ್ತವೆ.

ಎಪಾಕ್ಸಿಯ ಎರಡು ಭಾಗಗಳನ್ನು ಸಿರಿಂಜಿನಲ್ಲಿ ಸರಿಸಮ ಅಳೆದು, ಗುಳ್ಳೆ ಏಳದಂತೆ ಮೆಲ್ಲಗೆ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿಟ್ಟರೆ ಬೇಗ ಬಿಸಿಯೇರಿ ಗಟ್ಟಿಯಾಗುವುದಿಲ್ಲ. ಜುಲೈ ತಿಂಗಳ ಹುಬ್ಬಳ್ಳಿ ಮಳೆಯಲ್ಲಿ ಗಾಳಿಯ ತೇವ ಅದಕ್ಕೆ ವೈರಿ, ಮೇಲ್ಮೈ ಜಿಡ್ಡುಜಿಡ್ಡಾಗಿ ಮಂಕಾಗುತ್ತದೆ. ಉದ್ದನೆಯ ರಟ್ಟಿನ ಪೆಟ್ಟಿಗೆಯೊಳಗೆ 60 ವಾಟಿನ ಬಲ್ಬ್ ಹಚ್ಚಿ, ಕೋಲನ್ನು ಅದರೊಳಗೆ ತಿರುಗಲು ಬಿಟ್ಟೆ. ಬಲ್ಬ್ ರಟ್ಟಿಗೆ ತಾಗದಂತೆ ತಂತಿಯಲ್ಲಿ ತೂಗಿಬಿಟ್ಟು, ಕೋಣೆಯಲ್ಲೇ ಕೂತು ಕಾದೆ. ಎರಡನೆಯ ಲೇಪ ಕನ್ನಡಿಯಂತೆ ಬಂತು.

ಹಿಡಿಕೆಯ ಬುಡಕ್ಕೆ ಅಡ್ಡಗೀರಿನ ಟೊಪ್ಪಿ ಹಾಕಿಸಿದ್ದು ಕೊಳವೆಯೊಳಗೆ ಕೋಲು ತಿರುಗದೆ ಇರಲಿ ಎಂದು. ಅದನ್ನು ಬಿಡಬೇಡಿ.

ಗಂಟು ಮತ್ತು ಕೊಳವೆ

ಸೀಸದ ದಾರಕ್ಕೆ ನೇರ ಗಂಟು ಹಾಕಬಾರದು. ತುದಿಯ ಒಂದು ಗೇಣಿನಷ್ಟು ಕವಚವನ್ನು ಹಿಂದಕ್ಕೆ ದೂಡಿ ಒಳಗಿನ ಸೀಸ ಮುರಿದು ತೆಗೆದರೆ ಬರೀ ಟೊಳ್ಳು ಕವಚ ಉಳಿಯುತ್ತದೆ. ಮುಂದಿನ ತಂಗೂಸಿಯನ್ನು ಆ ಟೊಳ್ಳಿನೊಳಗೆ ತೂರಿಸಿ, ಎರಡನ್ನೂ ಸೇರಿಸಿ ಗಂಟು ಬಿಗಿದರೆ ಅದು ಸಣ್ಣದಾಗಿ, ಗೈಡಿನಲ್ಲಿ ತಡೆಯಿಲ್ಲದೆ ಹಾಯುತ್ತದೆ. ತೆಗೆದ ಸೀಸವನ್ನು ನೆಲದ ಮೇಲೆ ಬಿಡಬೇಡಿ, ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳಿ. ಮಕ್ಕಳಿರುವ ಮನೆಯಲ್ಲಂತೂ ಇದು ಕಡ್ಡಾಯ. ಗಾಳದ ಹತ್ತಿರ ಒಂದೂವರೆ ಅಡಿ ಸ್ಟೀಲ್ ತಂತಿ ಇರಲೇಬೇಕು. ಇಸ್ವಾಣದ ಹಲ್ಲಿಗೆ ತಂಗೂಸಿ ನಿಲ್ಲುವುದಿಲ್ಲ.

ಕೊಳವೆಗಳನ್ನು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಾಡಿಸಿದೆ. ವೆಲ್ಡಿಂಗ್ ಮಾಡುವ ಕಾಕಾ ಅಳತೆ ನೋಡಿ ಮೊದಲು ಕೇಳಿದ್ದು, "ಇದು ಉಪ್ಪನೀರಿಗೇನ್ರಿ?" ಹೌದು ಅಂದೆ. "ಹಂಗಾರ 304 ಬ್ಯಾಡ್ರಿ, ಕೆಂಪ್ ಚುಕ್ಕಿ ಬಿದ್ದು ತೂತ ಆಗತಾವ. 316 ತರಿಸೋಣ. ರೊಕ್ಕ ಒಂದೀಟು ಜಾಸ್ತಿ ಆಗತೈತಿ, ಆದ್ರ ಮತ್ತ ಮತ್ತ ಮಾಡಸೂದು ತಪ್ಪತೈತಿ." ಅವರು ಹೇಳಿದ್ದು ಸರಿ. 304, 316 ಎರಡೂ ಸ್ಟೇನ್‌ಲೆಸ್ ಸ್ಟೀಲಿನ ದರ್ಜೆಗಳು. 316ರಲ್ಲಿರುವ ಮಾಲಿಬ್ಡಿನಮ್ ಲೋಹ ಸಮುದ್ರದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಬೋಲ್ಟುಗಳನ್ನೂ ಅದೇ ದರ್ಜೆಯವನ್ನೇ ತರಿಸಿದೆವು. ಮೂಲೆಯ ಕೊಳವೆಗಳನ್ನು ಹಿಂದಕ್ಕೆ ಓರೆಯಾಗಿ, ನಡುವಿನವನ್ನು ನೀರಿಗೆ ಸ್ವಲ್ಪವೇ ಮೇಲಕ್ಕೆ ಬರುವಂತೆ ಬೆಸೆದು, ಬಾಯಿಗೆ ರಬ್ಬರ್ ಪಟ್ಟಿ ಹಾಕಿಸಿದೆ.

ನೀರಿನಲ್ಲಿ

ಆಗಸ್ಟಿನ ಕಡಲು ನಮ್ಮಷ್ಟು ಸಣ್ಣ ದೋಣಿಗೆ ಒರಟು. ಗಾಳಿ ತಗ್ಗಿದ ಮೇಲೆ, ನೌಕಾನೆಲೆಯ ನಿರ್ಬಂಧದ ಜಾಗ ದೂರ ಬಿಟ್ಟು, ಕೂರ್ಮಗಡ ದ್ವೀಪದ ಆಚೆ ಕೋಲುಗಳನ್ನು ಹೂಡಿದೆವು. ಮೊದಲು ಹೊರಗಿನ ಎರಡು ಸೀಸದ ದಾರ ಬಿಡಬೇಕು, ಅವು ಪೂರ್ತಿ ಹೋದ ಮೇಲೆ ಒಳಗಿನವು. ಎತ್ತುವಾಗ ಉಲ್ಟಾ.

ತಿರುವಿನಲ್ಲಿ ಉದ್ದ ಕೋಲಿನ ಬೆಲೆ ತಿಳಿಯುತ್ತದೆ. ದೋಣಿ ಎಡಕ್ಕೆ ಹೊರಳಿದರೆ ಎಡಗಡೆಯ ದಾರ ನಿಧಾನವಾಗಿ ಮುಳುಗುತ್ತದೆ, ಬಲಗಡೆಯದು ವೇಗ ಪಡೆದು ಮೇಲೇಳುತ್ತದೆ. 7 ಮೀಟರ್ ಅಗಲ ಇದ್ದದ್ದರಿಂದ ದೊಡ್ಡ ಸುತ್ತಿನ ತಿರುವಿನಲ್ಲಿ ಯಾವ ದಾರವೂ ಇನ್ನೊಂದರ ಮೇಲೆ ಬೀಳಲಿಲ್ಲ. ಮೀನು ತಿರುವಿನಲ್ಲೇ ಬಡಿದರೆ ಅದು ಒಳಗಡೆಯ ಕೋಲೋ ಹೊರಗಡೆಯದೋ ನೋಡಿಕೊಳ್ಳಿ. ಆ ಹೊತ್ತಿಗೆ ಮೀನು ಆಳದಲ್ಲಿದೆಯೋ ಮೇಲಿದೆಯೋ, ವೇಗ ಇಳಿಸಬೇಕೋ ಏರಿಸಬೇಕೋ ಎಂಬುದಕ್ಕೆ ಅದೇ ಸುಳಿವು.

ಎಳೆಯುವಾಗ ಉದ್ದ ಕೋಲಿನ ತುದಿ ಸಣ್ಣಗೆ ಒಂದೇ ಲಯದಲ್ಲಿ ನಡುಗುತ್ತಿತ್ತು. ಅದು ನಕಲಿ ಮೀನು ಈಜುವ ನಡುಕ. ಅದು ನಿಂತ ಕೂಡಲೇ ಗೆಳೆಯ, "ಕಸ ಸಿಕ್ಕದೆ, ಎಳಿ" ಅನ್ನುತ್ತಿದ್ದ. ಎಳೆದು ನೋಡಿದರೆ ಪಾಚಿಯೋ ಪ್ಲಾಸ್ಟಿಕ್ಕೋ. ಇಸ್ವಾಣ ಬಡಿದದ್ದು ಐದು ಬಣ್ಣದ ಕೋಲಿಗೆ. ಕೋಲು ಹಿಡಿಕೆಯ ಹತ್ತಿರದವರೆಗೆ ಬಾಗಿತು, ಮೀನು ದಾರ ಎಳೆದುಕೊಂಡು ಓಡಿತು, ಕೊಕ್ಕೆ ಬಿಡಲಿಲ್ಲ. ಎಂಜಿನ್ ನಿಲ್ಲಿಸದೆ ವೇಗ ಮಾತ್ರ ತಗ್ಗಿಸಿ, ಅದೇ ಬದಿಯ ಮೂಲೆಯ ಗಾಳ ಒಳಗೆಳೆದುಕೊಂಡು ಜಾಗ ಮಾಡಿಕೊಂಡೆವು. ಉಳಿದೆರಡು ಗಾಳ ನೀರಿನಲ್ಲೇ ಓಡುತ್ತಿದ್ದವು.

ಮರಳಿ ಬಂದ ಮೇಲೆ ಕೋಲು, ಗೈಡು, ರೀಲುಗಳಿಗೆ ಸಿಹಿನೀರು ಸುರಿದು ಒರೆಸಬೇಕು. ಒತ್ತಡದ ಪೈಪಿನಲ್ಲಿ ಬೇಡ, ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ. ಗೈಡಿನ ಬಳೆಯೊಳಗೆ ಹತ್ತಿ ಹಾಯಿಸಿ ನೋಡಿದರೆ ಸೀಳಿರುವ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಬಲಗಡೆಯ ಉದ್ದ ಕೋಲಿನ ಕೆಳಗಿನಿಂದ ಎರಡನೆಯ ಗೈಡಿನಲ್ಲಿ ಎಪಾಕ್ಸಿ ಕೂದಲೆಳೆಯಷ್ಟು ಬಿಟ್ಟಿದೆ, ಪಾದದ ತುದಿಯಲ್ಲೇ. ಅದನ್ನು ಬಿಚ್ಚಿ, ಪಾದವನ್ನು ಇನ್ನಷ್ಟು ತೆಳು ಮಾಡಿ, ಅಡಿಯಲ್ಲಿ ಒಂದು ಪದರ ದಾರ ಸುತ್ತಿ ಮತ್ತೆ ಕಟ್ಟಬೇಕು. ಮೂರು ಬಣ್ಣದ ದಾರ ಬೆಳಗಿನ ಹೊತ್ತು ತೀರ ಮೇಲೆಯೇ ಓಡಿದ್ದರಿಂದ ಅದಕ್ಕೆ ಇನ್ನೊಂದು ಬಣ್ಣ ಸೇರಿಸುತ್ತಿದ್ದೇನೆ. ಎಳೆತ 500 ಗ್ರಾಂ ದಾಟಲಿಕ್ಕಿಲ್ಲ, 850ರ ಕೋಲಿಗೆ ಅದು ಹೊರೆಯಲ್ಲ.